ಗೋಬರ್ ಗ್ಯಾಸ್ ಡ್ರಮ್ಮು ತೂತಾದಾಗ: ದುರಸ್ತಿಯೋ, ಹೊಸದೋ?

(ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳಿಗ್ಗೆ ಒಲೆ ಹಚ್ಚಿದರೆ ಅನ್ನ ಬೇಯುವ ಮೊದಲೇ ಉರಿ ಇಳಿಯುತ್ತದೆ. ಹಿತ್ತಲಿಗೆ ಹೋಗಿ ನೋಡಿದರೆ, ರಾತ್ರಿ ಮೇಲೇರಬೇಕಾಗಿದ್ದ ಡ್ರಮ್ಮು ಬಗ್ಗಡದಲ್ಲಿ ಕುಸಿದು ಕುಳಿತಿರುತ್ತದೆ. ಹೊಸ ಡ್ರಮ್ಮು ತರಬೇಕೆಂದು ಒಬ್ಬರು, ಒಂದು ತೇಪೆ ಸಾಕೆಂದು ಇನ್ನೊಬ್ಬರು ಹೇಳುತ್ತಾರೆ. ತೇಲುವ ಡ್ರಮ್ಮಿನ ಸ್ಥಾವರದಲ್ಲಿ ಡ್ರಮ್ಮೇ ಹೆಚ್ಚು ಬೆಲೆಯ ಭಾಗ. ಆದ್ದರಿಂದ ಹಣ ಖರ್ಚು ಮಾಡುವ ಮೊದಲು ನಾಲ್ಕು ವಿಷಯಗಳನ್ನು ಪರೀಕ್ಷಿಸುವುದು ಒಳ್ಳೆಯದು.

ದೋಷ ಡ್ರಮ್ಮಿನಲ್ಲಿಯೇ ಇದೆಯೇ?

ಸಂಜೆ ಡ್ರಮ್ಮಿನ ಮೇಲಿನ ವಾಲ್ವನ್ನು ಮುಚ್ಚಿ, ಡ್ರಮ್ಮು ಎಷ್ಟು ಎತ್ತರದಲ್ಲಿದೆ ಎಂದು ಸುಣ್ಣದಿಂದ ಗುರುತು ಮಾಡಬೇಕು. ಬೆಳಿಗ್ಗೆ ಅದು ಚೆನ್ನಾಗಿ ಏರಿದ್ದರೆ ಡ್ರಮ್ಮಿನಲ್ಲಿ ದೋಷವಿಲ್ಲ. ಕೊಳವೆಯಲ್ಲಿ ಸೋರಿಕೆ ಇರಬಹುದು, ನೀರು ನಿಂತಿರಬಹುದು ಅಥವಾ ಒಲೆಯ ರಂಧ್ರ ಕಟ್ಟಿರಬಹುದು. ಇವು ಅಲ್ಪ ಖರ್ಚಿನ ಕೆಲಸಗಳು.

ಡ್ರಮ್ಮು ಏರದಿದ್ದರೆ ಅದರ ನೆತ್ತಿಗೂ ಬೆಸುಗೆಗಳಿಗೂ ಸೋಪಿನ ನೀರು ಹಚ್ಚಿ ನೋಡಬೇಕು. ತೂತಿರುವಲ್ಲಿ ಗುಳ್ಳೆ ಏಳುತ್ತದೆ. ಡ್ರಮ್ಮು ಒಂದು ಮಟ್ಟದವರೆಗೆ ಮಾತ್ರ ಏರಿ ನಿಂತು, ಒಂದೇ ಪಕ್ಕದಲ್ಲಿ ಬಗ್ಗಡ ಕುದಿಯುವಂತೆ ಕಂಡರೆ ತೂತು ಪಕ್ಕದ ತಗಡಿನಲ್ಲಿದೆ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವುದು ಪ್ರಾಣಾಪಾಯಕರ. ಎಲ್ಲಿಯೂ ಗುಳ್ಳೆ ಕಾಣದಿದ್ದರೆ ಸಗಣಿ ಕಡಿಮೆಯಾಗಿರಬಹುದು ಅಥವಾ ಬಗ್ಗಡದ ಮೇಲೆ ಗಟ್ಟಿ ಕೆನೆ ಕಟ್ಟಿರಬಹುದು.

ತಗಡು ಎಷ್ಟು ಉಳಿದಿದೆ?

ಗೋಬರ್ ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡು ಡ್ರಮ್ಮನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ, ಒಮ್ಮೆ ನೆನೆದು ಒಮ್ಮೆ ಒಣಗುವ ಬಗ್ಗಡದ ಗೆರೆಯಲ್ಲಿ ತುಕ್ಕು ಹೆಚ್ಚು. ಡ್ರಮ್ಮನ್ನು ಮೇಲೆತ್ತಿ ತೊಳೆದು, ಗಾಳಿಗೆ ಒಡ್ಡಿದ ಮೇಲೆ ತುಕ್ಕನ್ನು ಕೆರೆದು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಒಂದೆರಡು ಕಡೆ ಮಾತ್ರ ತೂತಿದ್ದು ಉಳಿದ ತಗಡು ಗಟ್ಟಿಯಾಗಿದ್ದರೆ ತೇಪೆ ಹಾಕಿಸುವುದು ಸರಿ. ಗೆರೆಯ ಸುತ್ತಲೂ ತಗಡು ಹಪ್ಪಳದಂತಾಗಿದ್ದರೆ, ಅಥವಾ ಬೆಸುಗೆ ಹಾಕುವಾಗಲೇ ಕರಗಿ ತೂತು ದೊಡ್ಡದಾಗುತ್ತಿದ್ದರೆ, ಅಂಥ ಡ್ರಮ್ಮಿಗೆ ಹಣ ಹಾಕಬಾರದು.

ವರ್ಷದ ಲೆಕ್ಕ

ಹೊಸ ಡ್ರಮ್ಮಿಗೆ 100 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ದುರಸ್ತಿಗೆ 25 ರೂಪಾಯಿ ಆಗಿ ಅದು 2 ವರ್ಷ ಬಾಳಿದರೆ ವರ್ಷಕ್ಕೆ ಹನ್ನೆರಡೂವರೆ ರೂಪಾಯಿ ಬಿತ್ತು. ಹೊಸದು 10 ವರ್ಷ ಬಾಳಿದರೆ ವರ್ಷಕ್ಕೆ 10 ರೂಪಾಯಿ. ಕಡಿಮೆ ಖರ್ಚೆಂದು ಕಂಡ ದುರಸ್ತಿಯೇ ಇಲ್ಲಿ ದುಬಾರಿ. ಅದೇ ತೇಪೆ 4 ವರ್ಷ ಬಾಳುವಂತಿದ್ದರೆ ದುರಸ್ತಿಯೇ ಲಾಭ. ಬೆಸುಗೆಯವರನ್ನು ಕೇಳಬೇಕಾದದ್ದು ಎಷ್ಟು ಹಣ ಎಂದಷ್ಟೇ ಅಲ್ಲ, ಎಷ್ಟು ವರ್ಷ ಎಂದೂ ಕೇಳಬೇಕು.

ಕೊಟ್ಟಿಗೆಯಲ್ಲಿ ದನಗಳೆಷ್ಟು?

ಇದನ್ನು ಮರೆಯುವವರೇ ಹೆಚ್ಚು. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ದೊರೆಯುತ್ತದೆ. 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಅದು ಪೂರ್ತಿ ನಡೆದರೆ 14.2 ಕಿಲೋ ಸಿಲಿಂಡರೊಂದು ಸುಮಾರು 16 ದಿನಗಳಿಗೊಮ್ಮೆ ಉಳಿದಂತಾಯಿತು. ಆದರೆ ಸ್ಥಾವರ ಕಟ್ಟಿಸಿದಾಗ ಐದು ದನಗಳಿದ್ದ ಮನೆಯಲ್ಲಿ ಈಗ ಎರಡೇ ಉಳಿದು 20 ಕಿಲೋ ಸಗಣಿ ಮಾತ್ರ ಸಿಗುತ್ತಿದ್ದರೆ, ಹೊಸ ಡ್ರಮ್ಮು ತಂದರೂ ಅದು ಅರ್ಧಕ್ಕೂ ಏರದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಹೊಂದುತ್ತದೆ. ಅಂಥವರು ಸಾಧ್ಯವಾದರೆ ತೇಪೆ ಹಾಕಿಸಿ, ಇಲ್ಲವೇ ಸಣ್ಣ ಸ್ಥಾವರದ ಬಗ್ಗೆ ಯೋಚಿಸಬೇಕು.

ಹೊಸದಾದರೆ ಯಾವುದು?

ಕಬ್ಬಿಣದ ಡ್ರಮ್ಮು ಗಟ್ಟಿ, ಎಲ್ಲೆಡೆ ದುರಸ್ತಿಯಾಗುತ್ತದೆ. ಆದರೆ ಬಣ್ಣ ತಪ್ಪಿಸಬಾರದು. ಫೈಬರ್ ಡ್ರಮ್ಮಿಗೆ ತುಕ್ಕಿಲ್ಲ. ಹಗುರವಾದ್ದರಿಂದ ಒತ್ತಡಕ್ಕಾಗಿ ಮೇಲೆ ಭಾರ ಇಡಬೇಕಾಗಬಹುದು. ಯಾವುದೇ ಆದರೂ ಬಾವಿಯ ಅಳತೆ ಕೊಟ್ಟೇ ತರಿಸಬೇಕು. 1984ರಲ್ಲಿ ಬಳಕೆಗೆ ಬಂದ ದೀನಬಂಧು ಮಾದರಿಗೆ ಡ್ರಮ್ಮೇ ಬೇಡ. ಆದರೆ ಸಾಮಾನ್ಯವಾಗಿ ಅದನ್ನು ಬೇರೆಯಾಗಿ ಕಟ್ಟಬೇಕು. ತರಬೇತಿ ಪಡೆದ ಗಾರೆಯವರೇ ಆಗಬೇಕು.

ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಗಳು

1. ಬಾವಿಯ ಮೇಲೆ ಇರುವ ಡ್ರಮ್ಮಿಗೆ ಎಂದೂ ಬೆಸುಗೆ ಹಾಕಿಸಬಾರದು. ಅನಿಲ ಬಿಟ್ಟು, ಡ್ರಮ್ಮನ್ನು ಹೊರತೆಗೆದು ದೂರ ಸಾಗಿಸಿ, ಒಳಗೆ ಹೊರಗೆ ತೊಳೆದು, ಒಂದೆರಡು ದಿನ ಬಯಲಿನಲ್ಲಿ ಬಿಟ್ಟ ಮೇಲೆಯೇ ಬೆಸುಗೆ.

2. ತೆರೆದ ಬಾವಿಯ ಹತ್ತಿರ ಬೀಡಿ, ದೀಪ ಕೂಡದು. ಮಕ್ಕಳು, ದನಗಳು ಬೀಳದಂತೆ ಬೇಲಿ ಕಟ್ಟಬೇಕು.

3. ಬಾವಿಯೊಳಕ್ಕೆ ಯಾರೂ ಇಳಿಯಬಾರದು. ಅಲ್ಲಿನ ವಿಷಗಾಳಿಯಿಂದ ಕ್ಷಣದಲ್ಲಿ ಪ್ರಜ್ಞೆ ತಪ್ಪುತ್ತದೆ. ಬಿದ್ದವರನ್ನು ಎತ್ತಲು ಇಳಿದವರೂ ಸಾಯುತ್ತಾರೆ.

4. ಡ್ರಮ್ಮು ಕೂರಿಸಿದ ಮೇಲೆ ಮೊದಲ ಸಲ ತುಂಬಿದ ಅನಿಲದಲ್ಲಿ ಗಾಳಿ ಬೆರೆತಿರುತ್ತದೆ. ಅದನ್ನು ಹಚ್ಚದೆ ಹೊರಗೆ ಬಿಟ್ಟುಬಿಡಬೇಕು.

ದುರಸ್ತಿ ಮಾಡಿಸಿದ ಡ್ರಮ್ಮಿಗಾಗಲಿ ಹೊಸದಕ್ಕಾಗಲಿ ಕಿಲುಬುನಿರೋಧಕ ಬಣ್ಣದ ಮೇಲೆ ಕಪ್ಪು ಬಣ್ಣ ಎರಡು ಸಲ ಬಳಿಯಬೇಕು. ಹೊರಬದಿಗೆ ಪ್ರತಿ ವರ್ಷ ಬೇಸಿಗೆಯಲ್ಲಿ ಬಣ್ಣ ಕೊಟ್ಟು, ದಿನಕ್ಕೊಮ್ಮೆ ಡ್ರಮ್ಮನ್ನು ತಿರುಗಿಸುತ್ತಿದ್ದರೆ ಕೆನೆ ಕಟ್ಟುವುದಿಲ್ಲ, ಡ್ರಮ್ಮೂ ಹೆಚ್ಚು ಕಾಲ ಬಾಳುತ್ತದೆ. ಹೆಚ್ಚಿನ ಮಾಹಿತಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಕಾಣಬಹುದು.