ತಕ್ಕಡಿಯ ಮೂರನೆಯ ತಟ್ಟೆ

ಬೆಳಗಾವಿಯವರಿಗೆ ಸೈನ್ಯ ಹೊಸತಲ್ಲ. ಕ್ಯಾಂಪ್ ಪ್ರದೇಶದಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಊರ ಹೊರಗೆ ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ. ನಸುಕಿನಲ್ಲಿ ಸಾಲುಗಟ್ಟಿ ಓಡುವ ತರುಣರಿಗೆ ಹಾಲಿನವನು ತಾನಾಗಿಯೇ ದಾರಿ ಬಿಡುತ್ತಾನೆ. ಆ ಸಾಲಿನಲ್ಲಿ ಹೆಣ್ಣುಮಕ್ಕಳು ಕಾಣಿಸಿಕೊಂಡದ್ದು ಮಾತ್ರ ಇತ್ತೀಚೆಗೆ. ಸೇನಾ ಪೊಲೀಸ್ ಪಡೆಗೆ ಮಹಿಳೆಯರನ್ನು ಆರಿಸುವ ರ‍್ಯಾಲಿ 2019ರ ಆಗಸ್ಟ್‌ನಲ್ಲಿ ಇದೇ ಬೆಳಗಾವಿಯಲ್ಲಿ ನಡೆಯಿತು. 2023ರ ಡಿಸೆಂಬರ್ 2ರಂದು ಸಾಂಬ್ರಾದ ಕವಾಯತು ಮೈದಾನದಿಂದ 153 ಹೆಣ್ಣುಮಕ್ಕಳು ಅಗ್ನಿವೀರವಾಯುಗಳಾಗಿ ಹೊರಬಂದರು.

ಸೇನೆ, ತಾಯ್ತನ, ಬರವಣಿಗೆ – ಈ ಮೂರರ ನಡುವೆ ಹೆಣ್ಣು ಸಮತೋಲನ ಸಾಧಿಸುವುದು ಹೇಗೆ ಎಂಬುದು ನನಗೆ ಕೊಟ್ಟ ವಿಷಯ. ಸಮತೋಲನ ಎಂಬ ಮಾತಿನ ಮೇಲೆಯೇ ನನಗೆ ತಕರಾರಿದೆ. ನಾನು ವಿಜ್ಞಾನ ಓದಿದವಳು. ನಮ್ಮ ಪ್ರಯೋಗಶಾಲೆಯ ತಕ್ಕಡಿಗೆ ಎರಡೇ ತಟ್ಟೆ. ಒಂದು ಕಡೆ ಭಾರ ಹೆಚ್ಚಾದರೆ ಅಲ್ಲಿಂದ ಸ್ವಲ್ಪ ತೂಕ ತೆಗೆದಿಡುತ್ತಿದ್ದೆವು. ಈ ಹೆಂಗಸರ ತಟ್ಟೆಗೆ ತೂಕ ಹಾಕುವವರು ಬಹಳ ಜನ, ತೆಗೆಯುವವರು ಯಾರು?

ಮೊದಲು ಸರಕಾರದ ಕಡೆಯಿಂದ ನೋಡೋಣ. ಸೇನಾ ಶುಶ್ರೂಷಾ ಸೇವೆಯ ದಾದಿ ಮದುವೆಯಾದರೆ ಕೆಲಸದಿಂದ ಬಿಡುಗಡೆ ಮಾಡಬಹುದೆಂಬ ನಿಯಮ 1977ರಲ್ಲಿ ಬಂದದ್ದು, 1995ರವರೆಗೆ ಇತ್ತು. ಹಾಗೆ 1988ರಲ್ಲಿ ಕೆಲಸ ಕಳೆದುಕೊಂಡ ಒಬ್ಬ ಅಧಿಕಾರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಫೆಬ್ರವರಿಯಲ್ಲಿ. ಮೂವತ್ತಾರು ವರ್ಷ! ಮಹಿಳಾ ಅಧಿಕಾರಿಗಳಿಗೆ ಕಾಯಂ ನೇಮಕ ಕೊಡುವ ಮೊಕದ್ದಮೆಯಲ್ಲಿಯೂ ಬಸಿರು, ತಾಯ್ತನ, ಮನೆಯ ಹೊಣೆ ಇವನ್ನೇ ಅಡ್ಡಿಯೆಂದು ಸರಕಾರ ಮುಂದೊಡ್ಡಿತ್ತು. 2020ರ ಫೆಬ್ರವರಿ 17ರ ತೀರ್ಪು ಆ ವಾದವನ್ನು ತಳ್ಳಿಹಾಕಿತು. ಆ ತೀರ್ಪಿನಲ್ಲಿ ಉದಾಹರಣೆಯಾಗಿ ಬಂದ ಹೆಸರುಗಳಲ್ಲಿ ಸೋಫಿಯಾ ಕುರೇಶಿಯವರದೂ ಒಂದು. 2025ರ ಮೇ ತಿಂಗಳಲ್ಲಿ ಅವರನ್ನು ದೂರದರ್ಶನದ ಪರದೆಯ ಮೇಲೆ ಕಂಡಾಗ ನಮ್ಮ ಜಿಲ್ಲೆಯವರು ಗೋಕಾಕ ತಾಲೂಕಿನ ಕೊಣ್ಣೂರಿನ ಸೊಸೆಯೆಂದು ಹೆಮ್ಮೆಪಟ್ಟರು.

2023ರ ನವೆಂಬರಿನಲ್ಲಿ ಇನ್ನೊಂದು ಭಾರ ಇಳಿಯಿತು. ಅಧಿಕಾರಿಗಳಿಗಿದ್ದ ಹೆರಿಗೆ ರಜೆ 180 ದಿನ, ಮಕ್ಕಳ ಆರೈಕೆಗೆ ಇಡೀ ಸೇವೆಯಲ್ಲಿ 360 ದಿನ – ಇವು ಸಾಮಾನ್ಯ ಸೈನಿಕ ಮಹಿಳೆಯರಿಗೂ ಅನ್ವಯವಾದವು. ಆದರೆ ಸಾಂಬ್ರಾದ ಆ 153 ಮಂದಿಗೆ ಇದು ಸದ್ಯಕ್ಕೆ ದೂರದ ಮಾತು. ಅವರು ಸೇರುವಾಗಲೇ ಅವಿವಾಹಿತರಾಗಿರಬೇಕು. ನಾಲ್ಕು ವರ್ಷದ ಅವಧಿಯಲ್ಲಿ ಮದುವೆಯಾಗುವುದಿಲ್ಲ, ಗರ್ಭ ಧರಿಸುವುದಿಲ್ಲ ಎಂದು ಬರೆದುಕೊಡಬೇಕು. ಕಷ್ಟದ ಪ್ರಶ್ನೆಯನ್ನು ಬಿಡಿಸುವುದಕ್ಕಿಂತ ಪ್ರಶ್ನೆಯನ್ನೇ ಮುಂದೂಡುವುದು ಸುಲಭವೆಂದು ಯಾರಿಗೋ ತೋರಿರಬೇಕು. ನಾಲ್ಕು ವರ್ಷದ ನಂತರ ಉಳಿಸಿಕೊಳ್ಳುವುದು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಮಂದಿಯನ್ನು.

ಇನ್ನು ಬರವಣಿಗೆ. ಇದಕ್ಕೆ ಯಾವ ರಜೆಯೂ ಇಲ್ಲ. ಬದಲಿಗೆ ಒಂದು ಬೇಲಿ ಇದೆ. ಸೇನೆಯ ವಿಷಯವಾಗಿಯೋ ರಾಜಕೀಯ ವಿಷಯವಾಗಿಯೋ ಮುಂಚಿತ ಅನುಮತಿಯಿಲ್ಲದೆ ಲೇಖನ, ಪುಸ್ತಕ ಪ್ರಕಟಿಸಬಾರದೆಂದು 1954ರ ಸೇನಾ ನಿಯಮಗಳಲ್ಲಿ 21ನೆಯದು ಹೇಳುತ್ತದೆ. ದೇಶದ ಗುಟ್ಟು ಕಾಯಲು ಇದು ಬೇಕು, ನನಗೆ ಒಪ್ಪಿಗೆಯೇ. ಆದರೆ ಮಗುವಿನ ಹಲ್ಲು ಹುಟ್ಟಿದ ದಿನ ತಾನು ದೂರದ ಠಾಣೆಯಲ್ಲಿದ್ದೆ ಎಂದು ತಾಯಿಯೊಬ್ಬಳು ತನ್ನ ಹೊತ್ತಿಗೆಯಲ್ಲಿ ಬರೆದಿಟ್ಟುಕೊಳ್ಳಲು ಯಾವ ನಿಯಮವೂ ಅಡ್ಡವಿಲ್ಲ. ಅಡ್ಡವಿರುವುದು ಹೊತ್ತು. ನಮ್ಮ ಸಾಹಿತ್ಯ ಸಭೆಗಳನ್ನೇ ನೋಡಿ, ಸಂಜೆ ಆರಕ್ಕೆ ಶುರು. ಮಕ್ಕಳ ಅಭ್ಯಾಸ, ಒಲೆಯ ಮೇಲಿನ ಅನ್ನ, ಎರಡೂ ಆರಕ್ಕೇ.

ಸಮವಸ್ತ್ರ ತೊಡದ ಇನ್ನೊಂದು ಗುಂಪಿದೆ. ಗಂಡ ಗಡಿಯಲ್ಲಿ, ಹೆಂಡತಿ ಊರಿನಲ್ಲಿ. ಬೆಳಗಾವಿಯಿಂದ ಇಪ್ಪತ್ತೈದು ಕಿಲೋಮೀಟರ್ ದಾಟಿ ಖಾನಾಪುರದ ಕಡೆ ಹೋದರೆ ಇಂಥ ಮನೆಗಳು ಬೇಕಾದಷ್ಟು. ಕಾರ್ಯಕ್ರಮವೊಂದರ ಸಿದ್ಧತೆಗೆಂದು ನಾನು ಮಳೆಗಾಲದಲ್ಲಿ ಆ ತಾಲೂಕಿನ ಪಶ್ಚಿಮದ ಹಳ್ಳಿಯೊಂದಕ್ಕೆ ಹೋಗಿದ್ದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ದಿಕ್ಕು ಅದು. ಮಳೆ ಹಿಡಿದರೆ ವಿದ್ಯುತ್ತೂ ಇಲ್ಲ, ಫೋನಿನ ಸಿಗ್ನಲ್ಲೂ ಇಲ್ಲ. ಅಲ್ಲಿ ಕಂಡ ಒಬ್ಬ ಸೈನಿಕನ ಹೆಂಡತಿಯ ವಿಚಾರ ಹೇಳುತ್ತೇನೆ. ಹೆಸರು ಬೇಡ ಎಂದಿದ್ದಾರೆ.

ಹೊಸದಾಗಿ ಮದುವೆಯಾದಾಗ ಆಕೆ ಪತ್ರ ಬರೆಯುತ್ತಿದ್ದರಂತೆ. ನಿಮಗೂ ನೆನಪಿರಬಹುದು, ಸೈನಿಕನ ವಿಳಾಸದಲ್ಲಿ ಊರಿರುವುದಿಲ್ಲ. ಹೆಸರು, ಹುದ್ದೆ, ಘಟಕ, ಕೊನೆಗೆ 56 ಎಪಿಓ ಅಥವಾ 99 ಎಪಿಓ. ಅಂಚೆ ಎಲ್ಲಿಗೆ ತಲುಪುತ್ತದೆಂದು ಗೊತ್ತಿಲ್ಲದೆ, ಒಂದು ಸಂಖ್ಯೆಗೆ ಮನೆಯ ಸಮಾಚಾರವೆಲ್ಲ ಬರೆಯಬೇಕು. ಆಮೇಲೆ ಫೋನು ಬಂತು. ದನಿ ಕೇಳುವ ಭಾಗ್ಯವನ್ನು ನಾನು ಕಡೆಗಣಿಸುವುದಿಲ್ಲ. ಆದರೂ ಆಕೆ ಹೇಳಿದ್ದು ಕೇಳಿ: "ಫೋನಿನ್ಯಾಗ ಆರಾಮ ಅದೇವಿ ಅಂದ್ರ ಮುಗೀತ್ರಿ ಅಕ್ಕಾರ. ಪತ್ರ ಅಂದ್ರ ಪುಟ ತುಂಬಸಬೇಕಾಗ್ತಿತ್ತು. ತುಂಬಸಾಕ ಕುಂತ್ರ ಏನೇನೋ ಹೊರಗ ಬರ್ತಿತ್ತು."

ಪತ್ರ ನಿಂತ ಮೇಲೆ ಆಕೆ ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡರು. ಮನೆಮಾತು ಮರಾಠಿ, ಕಲಿತದ್ದು ಕನ್ನಡ ಶಾಲೆ, ಬರೆಯುವುದು ಕನ್ನಡದಲ್ಲಿ. ಯಜಮಾನರಿಗೆ ಕನ್ನಡ ಓದಲು ಬರುವುದಿಲ್ಲವಲ್ಲ ಎಂದು ಕೇಳಿದೆ. ಅದೇ ಅನುಕೂಲವೆಂದು ನಕ್ಕರು. ಪುಟ ತಿರುವಿದೆ. ಭತ್ತದ ಸಸಿ ಕಿತ್ತು ನೆಟ್ಟ ದಿನ, ಮಗನಿಗೆ ಜ್ವರ ಬಂದು ಖಾನಾಪುರಕ್ಕೆ ಬಸ್ಸಿನಲ್ಲಿ ಒಯ್ದದ್ದು, ಒಂಬತ್ತು ದಿನ ಫೋನು ಬಾರದ್ದು. ಒಂದು ಕಡೆ ನಾಲ್ಕೇ ಸಾಲು: ಮಗನಿಗೆ ಎರಡು ವರ್ಷ, ಅಪ್ಪನೆಂದರೆ ಫೋನು ಎಂದೇ ತಿಳಿದಿದ್ದ. ರಜೆಯ ಮೇಲೆ ಬಂದ ಅಪ್ಪ ಕೈ ಚಾಚಿದಾಗ, ಹುಡುಗ ಒಳಗೋಡಿ ಹೋಗಿ ಫೋನು ತಂದು ಆತನ ಕೈಗೆ ಕೊಟ್ಟ.

ಇಂಥದ್ದನ್ನು ಚಿತ್ರಕಥೆಯಲ್ಲಿ ಯಾರಾದರೂ ಬರೆದು ತಂದಿದ್ದರೆ ಅತಿಯಾಯಿತೆಂದು ನಾನೇ ಕತ್ತರಿಸುತ್ತಿದ್ದೆ.

ಇದನ್ನು ಸಾಹಿತ್ಯವೆನ್ನುವುದೇ ಎಂದು ಹುಬ್ಬೇರಿಸುವವರಿಗೆ 1931ರ 'ಗರತಿಯ ಹಾಡು' ನೆನಪಿಸುತ್ತೇನೆ. ಹಲಸಂಗಿ ಗೆಳೆಯರು ಅದನ್ನು ಸಂಗ್ರಹಿಸಿದ್ದು ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರ ಬಾಯಿಂದ. ಖಾನಾಪುರದ ಕಡೆ ಮರಾಠಿ ಓವಿಗಳ ಹುಟ್ಟೂ ಅಲ್ಲಿಯೇ. ಕೈ ಕೆಲಸದಲ್ಲಿ, ತೊಡೆಯ ಮೇಲೆ ಕೂಸು, ಗಂಡ ದೂರ – ಮೂರು ಸಾಲು ಕಟ್ಟುವಷ್ಟು ಬಿಡುವಿದ್ದರೆ ಅವರಿಗೆ ಸಾಕಿತ್ತು. ಬೀಸುಕಲ್ಲು ಹೋಯಿತು, ಹಿಟ್ಟಿನ ಗಿರಣಿ ಬಂತು. ಗಿರಣಿಯ ಸದ್ದಿನಲ್ಲಿ ಹಾಡಲಾಗುವುದಿಲ್ಲ. ಆ ಮೂರು ಸಾಲಿನ ಬಿಡುವನ್ನು ಈಗ ಮನೆಯವರೇ ಮಾಡಿಕೊಡಬೇಕು. ದೊಡ್ಡ ತ್ಯಾಗವನ್ನೇನೂ ಕೇಳುತ್ತಿಲ್ಲ. ಅತ್ತೆಯವರು ಅರ್ಧ ತಾಸು ಮೊಮ್ಮಗನನ್ನು ಹೊರಗೆ ಕರೆದುಕೊಂಡು ಹೋದರೆ ಒಂದು ಪುಟವಾಗುತ್ತದೆ.

ನಿಮ್ಮ ಮನೆಯಲ್ಲಿ ಹಳೆಯ ಮಿಲಿಟರಿ ಟ್ರಂಕಿದ್ದರೆ ಅದರ ತಳ ಒಮ್ಮೆ ನೋಡಿ. ಸಿಕ್ಕ ಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ. ನಮ್ಮ ಮಳೆಗಾಲಕ್ಕೆ ಒಳಗೇ ಬೆವೆತು ಬೂಸ್ಟು ಹಿಡಿಯುತ್ತದೆ. ಒಣ ಹತ್ತಿಬಟ್ಟೆಯಲ್ಲಿ ಸುತ್ತಿ, ತಾರೀಖಿನ ಸಾಲಿಗೆ ಜೋಡಿಸಿಡಿ. ಸೇನೆಯಲ್ಲಿರುವ ಮಗಳಿಗೆ, ಸೊಸೆಗೆ ಕಳಿಸುವ ಡಬ್ಬಿಯಲ್ಲಿ ಚಕ್ಕುಲಿಯ ಜೊತೆಗೆ ಒಂದು ನೋಟ್‌ಬುಕ್ಕೂ ಇಡಿ. ಖಾನಾಪುರದ ಆ ತಾಯಿಗೆ ನಾನು ಹೊಸದೊಂದು ಕೊಡಲು ಹೋದೆ. ಹಳೆಯದರಲ್ಲಿ ಇನ್ನೂ ಹನ್ನೊಂದು ಹಾಳೆ ಉಳಿದಿವೆ, ಅವು ಮುಗಿದ ಮೇಲೆ ಕಳಿಸಿರಿ ಎಂದರು.