ಫಾರಂ ಹಿಡಿದು ಬರುವ ನರ್ಸ್‌ಗೆ ನಾವು ಹೇಳಿಕೊಡುವುದೇನು?



ನರ್ಸಿಂಗ್ ಕಾಲೇಜಿನ ಮಕ್ಕಳು ಸಂಶೋಧನೆಗೆಂದು ಫಾರಂ ಹಿಡಿದುಕೊಂಡು ನಮ್ಮ ಊರುಗಳಿಗೆ ಬರ್ತಾರೆ. ರಕ್ತಹೀನತೆ, ಬಾಣಂತನ, ಮುಟ್ಟು ಎಲ್ಲಾ ಕೇಳ್ತಾರೆ. ಕೇಳಲೇಬೇಕಾದ ವಿಷಯಗಳೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರ ಪೈಕಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಆದರೆ ಕೇಳುವ ರೀತಿ ತಪ್ಪಿದರೆ ಸಿಗುವ ಉತ್ತರವೂ ತಪ್ಪೇ.

ಹೇಗೆ ಅಂತೀರಾ? ಅತ್ತೆ ಪಕ್ಕದಲ್ಲೇ ಕೂತಿರುವಾಗ "ಮಗುವಿಗೆ ಮೊದಲ ಹಳದಿ ಹಾಲು ಕುಡಿಸಿದ್ರಾ?" ಅಂತ ಕೇಳಿದರೆ ಸೊಸೆ ಏನು ಹೇಳಿಯಾಳು? ಆಶಾ ಕಾರ್ಯಕರ್ತೆ ಹೇಳಿದ್ದು ನೆನಪಾಗಿ "ಹೂಂ" ಅಂತಾಳೆ. ಹಿಂಡಿ ಚೆಲ್ಲಿದ್ದು ಫಾರಂಗೆ ಬರುವುದೇ ಇಲ್ಲ. "ರಕ್ತಹೀನತೆ ಇದೆಯೇ?" ಅಂದರೆ "ಇಲ್ಲಮ್ಮಾ." "ನೀರು ಹೊರುವಾಗ ಏದುಸಿರು ಬರುತ್ತಾ, ಕಣ್ಣು ಕತ್ತಲೆ ಕಟ್ಟುತ್ತಾ?" ಅಂದರೆ ಮಾತು ತಾನಾಗಿ ಹೊರಬರುತ್ತೆ.

ಅಮೆರಿಕದ ನರ್ಸ್ ಮೆಡಲೀನ್ ಲೈನಿಂಜರ್ 1960ರ ದಶಕದಲ್ಲಿ ಪಪುವಾ ನ್ಯೂಗಿನಿಯ ಗ್ಯಾಡ್ಸಪ್ ಜನರ ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಜನರ ಆಚಾರ ತಿಳಿಯದೆ ಆರೈಕೆ ಆಗದು ಎಂಬುದನ್ನು ನರ್ಸಿಂಗ್ ಓದಿನೊಳಕ್ಕೆ ತಂದವರು ಅವರು.

ಹಾಗಂತ ಎಲ್ಲಾ ಆಚಾರಕ್ಕೂ ತಲೆಯಾಡಿಸಬೇಕಾ? 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ, ಸೂತಕವೆಂದು ಬಾಣಂತಿಯನ್ನು ಊರಾಚೆಯ ಗುಡಿಸಲಲ್ಲಿ ಇರಿಸಿದ್ದಾಗ ಹಸುಗೂಸು ತೀರಿಕೊಂಡಿತು. ಇದನ್ನು ಯಾರೂ ಸಮರ್ಥಿಸಲಾಗದು. ಆದರೆ "ಮೂಢನಂಬಿಕೆ" ಎಂದು ಬೈದು ಬಂದರೆ, ಮುಂದಿನ ಬಾಣಂತಿಯನ್ನು ನರ್ಸ್ ಕಣ್ಣಿಗೆ ಬೀಳದಂತೆ ಬಚ್ಚಿಡ್ತಾರೆ. ಎಷ್ಟು ದಿನ ಹೊರಗಿಡ್ತೀರಿ, ಮಗುವನ್ನು ಬೆಚ್ಚಗಿಡೋಕೆ ಏನಿದೆ, ರಾತ್ರಿ ಜೊತೆಗೆ ಯಾರು, ಒಳಗೆ ಕರೆಯೋಕೆ ಹಟ್ಟಿಯಲ್ಲಿ ಯಾರ ಮಾತು ನಡೆಯುತ್ತೆ? ಹೀಗೆ ಕೇಳಿದರೆ ಮಗು ಉಳಿಸುವ ದಾರಿ ಸಿಗಬಹುದು. ಇದಕ್ಕೆ ಉತ್ತರ ಇರುವುದು ಹಟ್ಟಿಯ ಹೆಂಗಸರ ಹತ್ತಿರವೇ.

ಆದ್ದರಿಂದ ಫಾರಂ ಮೊದಲು ಸಂಘದ ಸಭೆಗೆ ಬರಲಿ. ಗಟ್ಟಿಯಾಗಿ ಓದಿಸೋಣ. ಅರ್ಥವಾಗದ ಮಾತಿಗೆ ನಮ್ಮೂರ ಮಾತು ಹೇಳಿಕೊಡೋಣ. ಕೂಲಿಗೆ ಹೊರಡೋ ಹೊತ್ತಲ್ಲಿ ಬೇಡ, ಸಂಜೆ ಬನ್ನಿ ಅನ್ನೋಣ.

ಇನ್ನೊಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನಿಯಮಗಳ ಪ್ರಕಾರ ನಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧನೆಗೆ ಸೇರದ ಸಾಕ್ಷಿ ಇರಬೇಕು. ಬೇಡ ಅನ್ನಬಹುದು, ಮಧ್ಯದಲ್ಲೇ ಬಿಡಬಹುದು. ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಹೆಬ್ಬೆಟ್ಟು ಒತ್ತುವ ಮೊದಲೇ ಕೇಳಿ: "ಕಂಡುಕೊಂಡಿದ್ದನ್ನು ನಮಗೆ ಬಂದು ಯಾವಾಗ ಹೇಳ್ತೀರಿ?" ಆ ತಾರೀಖನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ.