ಕಳೆದುಹೋದ ಉಸಿರು ಎಲ್ಲಿ ಹೋಗುತ್ತದೆ?

(ದುಬೈನ ಕನ್ನಡ ಗೆಳೆಯರ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಈ ದೇಶದ ಸರ್ಕಾರಿ ಶಾಲೆಗಳಲ್ಲಿ ಚೀನೀ ಭಾಷೆಯನ್ನು ವ್ಯಾಪಕವಾಗಿ ಕಲಿಸುವ ಯೋಜನೆ ಆರಂಭವಾದದ್ದು 2019ರಲ್ಲಿ. ಚೀನೀ ಕಲಿಕೆಯ ಮೊದಲ ತೊಡಕು ತಾನ, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತ. 'ಮಾ' ಎಂಬುದನ್ನು ಎತ್ತರದ ಸಮದನಿಯಲ್ಲಿ ನುಡಿದರೆ ತಾಯಿ. ತಗ್ಗಿಸಿ ಏರಿಸಿದರೆ ಕುದುರೆ. ಥಟ್ಟನೆ ಇಳಿಸಿದರೆ ಬೈಯುವುದು.

ತಾನವಿಲ್ಲದ ಭಾಷೆಯವರಿಗೆ ಇದು ಒಗ್ಗದು ಎನ್ನುತ್ತಾರೆ. ಆ ಪಟ್ಟಿಯಲ್ಲಿ ಕೊರಿಯನ್ನರೂ ಇರುತ್ತಾರೆ. ಬರಾಕಾ ಅಣುಸ್ಥಾವರ ಕಟ್ಟಲು ಅಬುಧಾಬಿಗೆ ಬಂದವರನ್ನು ನೀವೂ ಕಂಡಿರಬಹುದು. ಅವರ ನುಡಿಗೆ ನಿಜಕ್ಕೂ ತಾನದ ಪರಿಚಯವಿಲ್ಲವೇ? 15ನೆಯ ಶತಮಾನದ ಹಂಗುಲ್ ಬರಹದಲ್ಲಿ ಅಕ್ಷರದ ಎಡಕ್ಕೆ ಚುಕ್ಕಿಯಿಟ್ಟು ದನಿಯ ಎತ್ತರವನ್ನು ಗುರುತಿಸುತ್ತಿದ್ದರು. ರಾಜಧಾನಿ ಸೋಲ್‌ನ ಶಿಷ್ಟನುಡಿ ಅದನ್ನು ಕಳೆದುಕೊಂಡಿತು. ಆಗ್ನೇಯದ ಗ್ಯೊಂಗ್‌ಸಾಂಗ್ ಸೀಮೆಯ ಆಡುನುಡಿಯಲ್ಲಿ ಅದರ ಉಳಿಕೆ ಇನ್ನೂ ಇದೆ. ಸೋಲ್‌ನ ಯುವಜನರ ಮಾತಿನಲ್ಲಂತೂ ಒಂದು ಸೋಜಿಗವೇ ನಡೆದಿದೆ. ಚಂದ್ರನಿಗೆ 'ತಲ್', ಮುಖವಾಡಕ್ಕೆ 'ಥಲ್'. ಪದದ ಆದಿಯ ಈ ಎರಡು ವ್ಯಂಜನಗಳ ಉಸಿರಿನ ಅಂತರ ಅಳಿಸುತ್ತ ಬಂದಿದೆ. ಈಗ ಅವನ್ನು ಬೇರ್ಪಡಿಸುವುದು ಮುಖ್ಯವಾಗಿ ಮುಂದಿನ ಸ್ವರದ ಎತ್ತರ. ಚಂದ್ರ ತಗ್ಗು, ಮುಖವಾಡ ಎತ್ತರ. ಚೀನೀ ಅಧ್ಯಾಪಕರು ಇಲ್ಲಿಂದಲೇ ಪಾಠ ತೊಡಗಬಹುದು. "ನಿಮಗೆ ಇದು ಗೊತ್ತಿಲ್ಲ" ಎಂದು ತೊಡಗುವುದಕ್ಕಿಂತ ಅದು ಸತ್ಯಕ್ಕೂ ಹತ್ತಿರ.

ಅಷ್ಟು ದೂರವೇಕೆ? ಇಲ್ಲಿ ಲಾರಿ ಓಡಿಸುವ, ಕಟ್ಟಡ ಕಟ್ಟುವ ಪಂಜಾಬಿಗಳ ಮಾತು ಕೇಳಿ. 'ಘೋಡಾ'ದ ಘಕಾರ ಅವರ ಬಾಯಲ್ಲಿ ಕಕಾರವಾಗಿದೆ, ಹೋದ ಉಸಿರು ತಗ್ಗುದನಿಯಾಗಿ ಉಳಿದಿದೆ. ಅದನ್ನೇ ಸಮದನಿಯಲ್ಲಿ ನುಡಿದರೆ ಚಾವಟಿ, ಎತ್ತರದಲ್ಲಿ ನುಡಿದರೆ ಕುಷ್ಠರೋಗಿ. ಲೇಬರ್ ಕ್ಯಾಂಪಿನಲ್ಲಿ ಮಲಗುವ ಈ ಮನುಷ್ಯನ ಕಿವಿ ತಾನಕ್ಕೆ ಹುಟ್ಟಿನಿಂದಲೇ ಪಳಗಿದೆ. ಅವನನ್ನು ಭಾಷಾಪಂಡಿತನೆಂದು ಯಾರೂ ಕರೆದಿಲ್ಲ.

ಈಗ ನಮ್ಮ ಮನೆಗೆ ಬರೋಣ. ನನ್ನ ಹಳ್ಳಿಯ ಶಾಲೆಯಲ್ಲಿ 'ಧನ'ವನ್ನು 'ದನ' ಎಂದೋದಿದ ಹುಡುಗನಿಗೆ ಮೇಷ್ಟ್ರು ಬೆತ್ತದ ರುಚಿ ತೋರಿಸಿದರು. ಅವನ ಮನೆಯಲ್ಲಿ ಎರಡೂ ಇರಲಿಲ್ಲ ಎನ್ನುವುದು ಬೇರೆ ಮಾತು. ಮಹಾಪ್ರಾಣಗಳು ಬಹುಪಾಲು ಸಂಸ್ಕೃತದ ಪದಗಳೊಡನೆ ಬಂದವು, ಹೆಚ್ಚಿನ ಕನ್ನಡಿಗರು ಅವನ್ನು ಉಚ್ಚರಿಸುವುದಿಲ್ಲ, ಬರಹದಲ್ಲೂ ಬೇಡ ಎಂದು ಡಿ. ಎನ್. ಶಂಕರ ಭಟ್ಟರು ವಾದಿಸಿದರು. ಬರಹದ ಮಟ್ಟಿಗೆ ನಾನು ಅಷ್ಟು ದೂರ ಹೋಗಲಾರೆ. ಪಂಜಾಬಿಯಂತೆ ಕನ್ನಡದಲ್ಲಿ ಉಸಿರಿನ ಜಾಗಕ್ಕೆ ತಾನ ಬರಲೂ ಇಲ್ಲ. ಸಂದರ್ಭವೇ ಅರ್ಥವನ್ನು ಕಾಯುತ್ತದೆ. ಆದರೆ ಅದೇ ಬೆತ್ತ ನಗೆಯ ರೂಪದಲ್ಲಿ ನಮ್ಮ ರಜಾದಿನದ ಕನ್ನಡ ತರಗತಿಗಳಿಗೂ ಬಂದಿರುವುದನ್ನು ಕಂಡಿದ್ದೇನೆ. ಇಲ್ಲಿ ಕಲಿಸುವ ಗೆಳೆಯರಲ್ಲಿ ಒಂದೇ ಕೋರಿಕೆ: ಮಗು 'ಬಾರತ' ಎಂದರೆ ನಗಬೇಡಿ. ಮನೆಯಲ್ಲಿ ಅಜ್ಜಿ ಹೇಗೆ ಹೇಳುತ್ತಾರೆಂದು ಕೇಳಿ, ಎರಡೂ ರೂಪಗಳನ್ನು ಹಲಗೆಯ ಮೇಲೆ ಬರೆಯಿರಿ.